ಗಾಳಿಯನ್ನೇ ಉಂಡು ಓಡುವ ಗಡಿಯಾರ

ಗೋಡೆ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುವುದು ಒಂದು ಕಾಲದಲ್ಲಿ ಮನೆಯ ಹಿರಿಯರ ಹಕ್ಕಾಗಿತ್ತು. ಸ್ಟೂಲು ಹತ್ತಿ, ಗಾಜಿನ ಬಾಗಿಲು ತೆರೆದು, ಹಿತ್ತಾಳೆಯ ಕೀಲಿಯನ್ನು ಎಣಿಸಿ ತಿರುಗಿಸುವ ಆ ಕೆಲಸವನ್ನು ಮಕ್ಕಳಿಗೆ ಬಿಡುತ್ತಿರಲಿಲ್ಲ. ಯಾವುದೋ ಮದುವೆಗೆಂದು ಮನೆಮಂದಿಯೆಲ್ಲ ವಾರಗಟ್ಟಲೆ ಊರಿಗೆ ಹೋದರೆ ಗಡಿಯಾರ ನಿಂತಿರುತ್ತಿತ್ತು. ಆಮೇಲೆ ಸೆಲ್ಲಿನ ಗಡಿಯಾರಗಳು ಬಂದವು. ಕೀಲಿ ಹೋಯಿತು, ಆದರೆ ವರ್ಷಕ್ಕೊಮ್ಮೆ ಸೆಲ್ಲು ಬದಲಿಸುವ ಕೆಲಸ ಉಳಿಯಿತು. ಒಟ್ಟಿನಲ್ಲಿ ಗಡಿಯಾರ ಯಾವುದೇ ಆಗಲಿ, ಅದಕ್ಕೆ ಯಾರಾದರೂ ಊಟ ಹಾಕಲೇಬೇಕು.

ಈ ಮಾತಿಗೆ ಅಪವಾದವೆಂಬಂತೆ ಕಾಣುವ ಗಡಿಯಾರವೊಂದಿದೆ. ಅದಕ್ಕೆ ಕೀಲಿ ಇಲ್ಲ, ಸೆಲ್ಲಿಲ್ಲ, ವಿದ್ಯುತ್ತಿನ ತಂತಿಯೂ ಇಲ್ಲ. ಚಿನ್ನದ ಮುಲಾಮಿನ ಹಿತ್ತಾಳೆ ಚೌಕಟ್ಟು, ಸುತ್ತ ಗಾಜಿನ ಗೋಡೆ, ಕೆಳಗೆ ಆತುರವೇ ಇಲ್ಲದೆ ಅತ್ತ ಇತ್ತ ತಿರುಗುವ ಒಂದು ತೂಕದ ಬಳೆ. ಮೇಜಿನ ಮೇಲೆ ಸರಿಯಾಗಿ ಕೂರಿಸಿಬಿಟ್ಟರೆ ಕೈ ಸೋಕದೆಯೇ ವರ್ಷಗಟ್ಟಲೆ ನಡೆಯುತ್ತದೆ. ಅದರ ಹೆಸರು ‘ಅಟ್ಮೋಸ್’. ಸ್ವಿಟ್ಜರ್ಲೆಂಡಿನ ಜೇಗರ್-ಲೆಕೂಲ್ಟ್ರ್ ಕಂಪನಿಯ ತಯಾರಿಕೆ. ಗ್ರೀಕ್ ಭಾಷೆಯಲ್ಲಿ ‘ಅಟ್ಮೋಸ್’ ಎಂದರೆ ಆವಿ. ಹೆಸರಿನಲ್ಲೇ ಅದರ ಗುಟ್ಟಿದೆ. ಕೋಣೆಯ ಗಾಳಿ ತುಸು ಬಿಸಿಯಾದಾಗ, ತುಸು ತಣಿದಾಗ ಅದರ ಒಳಗಿರುವ ಆವಿ ಹಿಗ್ಗಿ ಕುಗ್ಗುತ್ತದೆ. ಆ ಹಿಗ್ಗುಕುಗ್ಗೇ ಗಡಿಯಾರಕ್ಕೆ ಕೀಲಿ ಕೊಡುತ್ತದೆ.

ಇಂದು ಹಳೆಯ ವಸ್ತು ಸಂಗ್ರಹಿಸುವವರ ಪಟ್ಟಿಯಲ್ಲಿ ಅಟ್ಮೋಸ್‌ಗೆ ದೊಡ್ಡ ಸ್ಥಾನವಿದೆ. ಆದರೆ ಅದರ ಮಹತ್ವ ಬೆಲೆಯಲ್ಲಿಲ್ಲ. ‘ಏನನ್ನೂ ಕೊಡದೆ ತಾನೇ ನಡೆಯುವ ಯಂತ್ರವನ್ನು ಮಾಡಲು ಸಾಧ್ಯವೇ?’ ಎಂಬ, ಸಾವಿರಾರು ವರ್ಷ ಬುದ್ಧಿವಂತರನ್ನೂ ಮೋಸಗಾರರನ್ನೂ ಸಮನಾಗಿ ಕಾಡಿದ ಪ್ರಶ್ನೆಗೆ ಈ ಪುಟ್ಟ ಗಡಿಯಾರ ಬಹಳ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ.

ಭಾಸ್ಕರಾಚಾರ್ಯರ ಚಕ್ರ

ತಾನೇ ತಿರುಗುವ ಚಕ್ರದ ಕಲ್ಪನೆಯ ಅತಿ ಹಳೆಯ ಲಿಖಿತ ವಿವರಗಳು ಸಿಗುವುದು ಭಾರತದಲ್ಲಿ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ರಚಿಸಿದ ‘ಬ್ರಾಹ್ಮಸ್ಫುಟ ಸಿದ್ಧಾಂತ’ದ ಯಂತ್ರಾಧ್ಯಾಯದಲ್ಲಿ ಪಾದರಸದಿಂದ ತಿರುಗುವ ಚಕ್ರದ ವರ್ಣನೆಯಿದೆ. ಐನೂರು ವರ್ಷಗಳ ನಂತರ, 1150ರಲ್ಲಿ, ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅದನ್ನೇ ಬೆಳೆಸಿದರು. ಭಾಸ್ಕರರು ಹುಟ್ಟಿದ ‘ವಿಜ್ಜಡವಿಡ’ ನಮ್ಮ ವಿಜಾಪುರವೇ ಎಂದು ಹೇಳುವ ವಿದ್ವಾಂಸರಿದ್ದಾರೆ. ಅದು ಮಹಾರಾಷ್ಟ್ರದಲ್ಲಿದೆ ಎನ್ನುವವರೂ ಇದ್ದಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ಭಾಸ್ಕರರ ಚಕ್ರದ ರಚನೆ ಹೀಗೆ: ಹಗುರವಾದ ಮರದ ಚಕ್ರ. ಅದಕ್ಕೆ ಸಮಾನ ಅಂತರದಲ್ಲಿ, ಒಂದೇ ಬದಿಗೆ ತುಸು ಬಾಗಿದ ಟೊಳ್ಳು ಅರೆಗಳು. ಪ್ರತಿ ಅರೆಯಲ್ಲೂ ಅರ್ಧದಷ್ಟು ಪಾದರಸ ತುಂಬಿ ಬಾಯಿ ಮುಚ್ಚಬೇಕು. ಚಕ್ರವನ್ನು ಎರಡು ಕಂಬಗಳ ನಡುವೆ ಅಚ್ಚಿಗೆ ಏರಿಸಿದರೆ ಒಂದು ಬದಿಯ ಪಾದರಸ ಅಂಚಿನ ಕಡೆಗೂ ಇನ್ನೊಂದು ಬದಿಯದು ನಡುವಿನ ಕಡೆಗೂ ಹರಿದು, ತೂಕ ಸದಾ ಒಂದೇ ಕಡೆ ವಾಲಿ, ಚಕ್ರ ತಿರುಗುತ್ತಲೇ ಇರುತ್ತದೆ ಎಂಬುದು ಲೆಕ್ಕಾಚಾರ. ಇಂಥವನ್ನು ‘ಸ್ವಯಂವಹ ಯಂತ್ರ’ ಎಂದು ಕರೆದರು.

ಚಕ್ರ ತಿರುಗುವುದಿಲ್ಲ. ಒಂದು ಬದಿಯಲ್ಲಿ ತೂಕ ದೂರವಿದ್ದರೆ ಇನ್ನೊಂದು ಬದಿಯಲ್ಲಿ ತೂಕದ ಅರೆಗಳ ಸಂಖ್ಯೆ ಹೆಚ್ಚಿರುತ್ತದೆ. ಎರಡೂ ಸರಿತೂಗಿ ಚಕ್ರ ನಿಲ್ಲುತ್ತದೆ. ಆದರೂ ಕಲ್ಪನೆ ಮಾತ್ರ ನಿಲ್ಲಲಿಲ್ಲ. ಅದು ಅರಬ್ಬರ ಮೂಲಕ ಯುರೋಪಿಗೆ ತಲುಪಿತೆಂದು ತಂತ್ರಜ್ಞಾನದ ಇತಿಹಾಸಕಾರ ಲಿನ್ ವೈಟ್ ವಾದಿಸಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ದ ಒನೆಕೂರ್ ಬಿಡಿಸಿದ ಚಿತ್ರದಲ್ಲಿ ಪಾದರಸದ ಬದಲು ಸುತ್ತಿಗೆಗಳಿವೆ. ಚಕ್ರ ಮಾತ್ರ ಅದೇ. ಮುಂದೆ ನೂರಾರು ಜನ ನೂರಾರು ಬಗೆಯಲ್ಲಿ ಅದನ್ನೇ ಮಾಡಿ ಸೋತರು. ಕೊನೆಗೆ 1775ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ, ‘ನಿರಂತರ ಚಲನೆಯ ಯಂತ್ರಗಳ ಅರ್ಜಿಗಳನ್ನು ಇನ್ನು ಮುಂದೆ ಪರಿಶೀಲಿಸುವುದಿಲ್ಲ’ ಎಂದು ಬಾಗಿಲು ಮುಚ್ಚಿತು.

ವಿಶೇಷವೆಂದರೆ, ಆ ಹೊತ್ತಿಗಾಗಲೇ ಲಂಡನ್ನಿನಲ್ಲಿ ಕೀಲಿಯಿಲ್ಲದೆ ನಡೆಯುವ ಗಡಿಯಾರವೊಂದು ಜನರಿಗೆ ಪ್ರದರ್ಶನಕ್ಕಿತ್ತು. ಅದು ಮೋಸವೂ ಆಗಿರಲಿಲ್ಲ!

ರಾಜನ ಎದುರು ಡ್ರೆಬೆಲ್

ಆ ಗಡಿಯಾರದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹಾಲೆಂಡಿನ ಅಲ್ಕ್‌ಮಾರ್ ಊರಿನಲ್ಲಿ 1572ರಲ್ಲಿ ಹುಟ್ಟಿದ ಕಾರ್ನೆಲಿಸ್ ಡ್ರೆಬೆಲ್ ಎಂಬಾತ ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿಗೆ ಬಂದು, ದೊರೆ ಒಂದನೆಯ ಜೇಮ್ಸ್‌ಗೆ ಒಂದು ವಿಚಿತ್ರ ಯಂತ್ರವನ್ನು ಒಪ್ಪಿಸಿದ. ನಡುವೆ ಒಂದು ಗೋಳ, ಅದರ ಸುತ್ತ ಬಳೆಯಂತೆ ಬಾಗಿಸಿದ ಗಾಜಿನ ನಳಿಕೆ, ನಳಿಕೆಯಲ್ಲಿ ದ್ರವ. ದ್ರವ ಹಗಲೂ ರಾತ್ರಿ ತನ್ನಷ್ಟಕ್ಕೆ ಏರಿಳಿಯುತ್ತಿತ್ತು. ಯಂತ್ರ ದಿನ, ತಿಂಗಳು, ಚಂದ್ರನ ಕಲೆಗಳನ್ನೂ ತೋರಿಸುತ್ತಿತ್ತು. ಲಂಡನ್ ಬಳಿಯ ಎಲ್ತಮ್ ಅರಮನೆಯಲ್ಲಿ ಅದನ್ನು ಇಟ್ಟಿದ್ದರು. ನೋಡಲು ಜನ ಮುಗಿಬಿದ್ದರು. ಊರಿನ ಮಾತಿಗೆ ಅದು ಎಷ್ಟು ಬಿದ್ದಿತ್ತೆಂದರೆ ನಾಟಕಕಾರ ಬೆನ್ ಜಾನ್ಸನ್ ತನ್ನ ಬರಹದಲ್ಲಿ ಎಲ್ತಮ್ಮಿನ ಆ ಯಂತ್ರವನ್ನು ಹೆಸರಿಸಿದ.

ಸಮುದ್ರದ ಉಬ್ಬರವಿಳಿತವೇ ಗಾಜಿನೊಳಗೆ ನಡೆಯುತ್ತಿದೆ ಎಂದು ಹಲವರು ನಂಬಿದರು. ನಿಜ ಸಂಗತಿ ಸರಳ. ಗೋಳದೊಳಗೆ ಸಿಕ್ಕಿದ್ದ ಗಾಳಿ ಬಿಸಿಗೆ ಹಿಗ್ಗಿದಾಗ ದ್ರವವನ್ನು ತಳ್ಳುತ್ತಿತ್ತು, ತಣಿದಾಗ ಎಳೆದುಕೊಳ್ಳುತ್ತಿತ್ತು. ಹೊರಗಿನ ವಾಯುಭಾರ ಬದಲಾದಾಗಲೂ ಹೀಗೆಯೇ ಆಗುತ್ತಿತ್ತು. ಟೊರಿಚೆಲ್ಲಿ ವಾಯುಭಾರ ಮಾಪಕವನ್ನು ಕಂಡುಹಿಡಿದದ್ದು 1643ರಲ್ಲಿ, ಅಂದರೆ ಡ್ರೆಬೆಲ್ ಸತ್ತು ಹತ್ತು ವರ್ಷದ ಮೇಲೆ. ಹಾಗಾಗಿ ಉಷ್ಣಾಂಶದ ಕೆಲಸ ಎಷ್ಟು, ವಾಯುಭಾರದ ಕೆಲಸ ಎಷ್ಟು ಎಂದು ಬಿಡಿಸಿ ಹೇಳಲು ಅಂದು ಯಾರಿಂದಲೂ ಆಗುತ್ತಿರಲಿಲ್ಲ.

ಡ್ರೆಬೆಲ್ ಸಾಮಾನ್ಯನಲ್ಲ. 1620ರ ಸುಮಾರಿಗೆ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕಿ ನಡೆಸುವ ಜಲಾಂತರ್ಗಾಮಿ ದೋಣಿಯನ್ನು ಓಡಿಸಿದವನು ಅವನೇ. ಒಲೆಯ ಬಿಸಿಯನ್ನು ತಾನಾಗಿ ಹತೋಟಿಯಲ್ಲಿಡುವ ಉಪಕರಣವೂ ಅವನದೇ. ಆದರೂ ರಾಜಾಶ್ರಯ ಕೈಬಿಟ್ಟ ಮೇಲೆ ಲಂಡನ್ನಿನಲ್ಲಿ ಹೆಂಡದಂಗಡಿ ನಡೆಸಿ, ಬಡವನಾಗಿ, 1633ರಲ್ಲಿ ಸತ್ತ.

ಅರವತ್ತೆಂಟು ಕಿಲೋ ಪಾದರಸ

ಡ್ರೆಬೆಲ್ಲನ ಯಂತ್ರ ತಾನೇ ಚಲಿಸುವ ಒಂದು ವಿಸ್ಮಯವಾಗಿತ್ತು. ಅದೇ ತತ್ವದಿಂದ ನಿಜವಾದ ಗಡಿಯಾರವನ್ನು ನಡೆಸಿದ ಕೀರ್ತಿ ಜೇಮ್ಸ್ ಕಾಕ್ಸ್‌ನದು. ಆತ ಲಂಡನ್ನಿನ ಆಭರಣ ವ್ಯಾಪಾರಿ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಚೀನಾಕ್ಕೆ ಹೋಗುತ್ತಿದ್ದ ಆಟಿಕೆ ಗಡಿಯಾರಗಳು, ಹಾಡುವ ಹಕ್ಕಿಗಳು, ಕುಣಿಯುವ ಪ್ರಾಣಿಗಳು ಅವನ ಸರಕು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಪ್ರಸಿದ್ಧ ನವಿಲು ಗಡಿಯಾರವೂ ಅವನ ಕಾರ್ಯಾಗಾರದ್ದೇ.

ಅವನ ಬಲಗೈ ಜಾನ್ ಜೋಸೆಫ್ ಮರ್ಲಿನ್, ಈಗಿನ ಬೆಲ್ಜಿಯಂನಿಂದ ಬಂದವನು. ಗಾಲಿಯ ಪಾದರಕ್ಷೆ ತೊಟ್ಟು, ಪಿಟೀಲು ನುಡಿಸುತ್ತ ಒಂದು ಸಂತೋಷಕೂಟಕ್ಕೆ ನುಗ್ಗಿ, ನಿಲ್ಲಿಸುವುದು ಹೇಗೆಂದು ತಿಳಿಯದೆ ಬೆಲೆಬಾಳುವ ಕನ್ನಡಿಗೆ ಡಿಕ್ಕಿ ಹೊಡೆದ ಎಂಬ ಕಥೆ ಈತನದೇ. 1760ರ ದಶಕದಲ್ಲಿ ಇವರಿಬ್ಬರೂ ಸೇರಿ ಮಾಡಿದ ಗಡಿಯಾರದೊಳಗೆ ಒಂದು ದೈತ್ಯ ವಾಯುಭಾರ ಮಾಪಕವಿತ್ತು. ಅದರಲ್ಲಿ 150 ಪೌಂಡ್, ಅಂದರೆ ಸುಮಾರು 68 ಕಿಲೋ ಪಾದರಸ. ಹವೆ ಬದಲಾದಂತೆ ಪಾದರಸ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗಿ ಬರುತ್ತಿತ್ತು. ಪಾತ್ರೆಗಳು ಮೇಲೆ ಕೆಳಗೆ ಆಡುತ್ತಿದ್ದವು. ಆ ಆಟ ಗಡಿಯಾರದ ತೂಕವನ್ನು ಮೇಲೆತ್ತುತ್ತಿತ್ತು.

ಪಾದರಸ ಏರಿದರೂ ಕೀಲಿ ಕೊಡಬೇಕು, ಇಳಿದರೂ ಕೀಲಿ ಕೊಡಬೇಕು. ಆದರೆ ಗಾಲಿ ಮಾತ್ರ ಒಂದೇ ದಿಕ್ಕಿಗೆ ತಿರುಗಬೇಕು. ಹಿಂದಕ್ಕೆ ಜಾರದಂತೆ ಕೊಕ್ಕೆ ತಡೆಯುವ ಹಲ್ಲಿನ ಗಾಲಿಗಳಿಂದ ಇದನ್ನು ಸಾಧಿಸಿದರು. ಕೀಲಿ ಅತಿಯಾಗದಂತೆ ತಡೆಯುವ ವ್ಯವಸ್ಥೆಯೂ ಇತ್ತು. ಖಗೋಳಜ್ಞ ಜೇಮ್ಸ್ ಫರ್ಗ್ಯೂಸನ್ 1774ರಲ್ಲಿ ಇದನ್ನು ಪರೀಕ್ಷಿಸಿ ಮೆಚ್ಚಿ ಬರೆದ. ಕಾಕ್ಸ್ ಇದನ್ನು ‘ನಿರಂತರ ಚಲನೆ’ ಎಂದೇ ಜಾಹೀರು ಮಾಡಿದ. ಅವನ ಪ್ರದರ್ಶನಶಾಲೆಯ ಪ್ರವೇಶ ದರ ಅರ್ಧ ಗಿನಿ. ಆ ಕಾಲಕ್ಕೆ ಬಲು ದುಬಾರಿ. ಆದರೂ ಅವನ ವ್ಯಾಪಾರ ದಿವಾಳಿಯತ್ತ ಸಾಗಿತು, ಸರಕನ್ನು ಲಾಟರಿಯಲ್ಲಿ ಹಂಚಬೇಕಾಯಿತು. ಆ ಗಡಿಯಾರ ಕೈಯಿಂದ ಕೈಗೆ ದಾಟಿ 1961ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಸೇರಿತು. ಪಾದರಸವನ್ನು ತೆಗೆದಿದ್ದಾರೆ. ಹಾಗಾಗಿ ‘ನಿರಂತರ ಚಲನೆ’ ಇಂದು ನಿಂತಿದೆ.

ನಿಲ್ಲದೆ ಉಳಿದದ್ದು ಇನ್ನೊಂದು. ಸ್ಕಾಟ್‌ಲೆಂಡಿನಿಂದ ನ್ಯೂಜಿಲೆಂಡಿಗೆ ವಲಸೆ ಬಂದ ಗಡಿಯಾರ ತಜ್ಞ ಆರ್ಥರ್ ಬೆವರ್ಲಿ 1864ರಲ್ಲಿ ಡನೆಡಿನ್ ಊರಿನಲ್ಲಿ ಕಟ್ಟಿದ ಗಡಿಯಾರ ಅದು. ಅದರಲ್ಲಿರುವುದು ಪಾದರಸವಲ್ಲ, ಒಂದು ಘನ ಅಡಿ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆ. ದಿನದಲ್ಲಿ ಉಷ್ಣಾಂಶ 6 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಾದರೆ ಒಂದು ಪೌಂಡ್ ತೂಕ ಒಂದು ಅಂಗುಲ ಮೇಲೇರುತ್ತದೆ. ಅದು ನಿಧಾನವಾಗಿ ಇಳಿಯುತ್ತ ಗಡಿಯಾರವನ್ನು ನಡೆಸುತ್ತದೆ. ಒಟಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿರುವ ಇದಕ್ಕೆ ಒಂದೂವರೆ ಶತಮಾನ ಕಳೆದರೂ ಯಾರೂ ಕೀಲಿ ಕೊಟ್ಟಿಲ್ಲ. ಹಾಗೆಂದು ಒಮ್ಮೆಯೂ ನಿಂತಿಲ್ಲವೆಂದಲ್ಲ. ಧೂಳು ತೆಗೆಯಲು, ಕಟ್ಟಡ ಬದಲಿಸಲು ನಿಲ್ಲಿಸಿದ್ದುಂಟು. ಕೋಣೆಯ ಉಷ್ಣಾಂಶ ಸಾಕಷ್ಟು ಏರಿಳಿಯದೆ ಹೋದಾಗ ತಾನಾಗಿ ನಿಂತದ್ದೂ ಉಂಟು. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಬೇಕು. ಇಡೀ ಕಥೆಯ ತಿರುಳು ಅಲ್ಲಿದೆ.

ಅಂಗಡಿಯ ಗಾಜಿನಾಚೆ

ಇವೆಲ್ಲ ಒಂದೊಂದೇ ಮಾಡಿದ ಅಪರೂಪದ ವಸ್ತುಗಳು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಿ, ಕೊಂಡವರ ಮೇಜಿಗೆ ತಲುಪಿಸುವ ಗಡಿಯಾರ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನ ಯುವ ಎಂಜಿನಿಯರ್ ಜಾನ್-ಲಿಯೋನ್ ರೂಟರ್ 1928ರಲ್ಲಿ ಮೊದಲ ಮಾದರಿಯನ್ನು ಸಿದ್ಧಪಡಿಸಿದ. ಆಗ ಆತನಿಗೆ ಮೂವತ್ತೂ ತುಂಬಿರಲಿಲ್ಲ. ಅದರಲ್ಲಿ ಇದ್ದದ್ದು ಪಾದರಸ ಮತ್ತು ಅಮೋನಿಯ ತುಂಬಿದ ಬಾಗು ಗಾಜಿನ ನಳಿಕೆ. ಉಷ್ಣಾಂಶ ಬದಲಾದಾಗ ಅಮೋನಿಯದ ಒತ್ತಡಕ್ಕೆ ಪಾದರಸ ಸರಿದು, ತೂಕ ಒಂದು ಬದಿಗೆ ವಾಲಿ, ನಳಿಕೆಯನ್ನು ಹೊತ್ತ ಡೋಲು ತುಸು ಹೊರಳುತ್ತಿತ್ತು. ಆ ಹೊರಳಾಟ ಸ್ಪ್ರಿಂಗನ್ನು ಬಿಗಿಯುತ್ತಿತ್ತು. ಫ್ರಾನ್ಸಿನ ಸಿ.ಜಿ.ಆರ್. ಕಂಪನಿ ಇದನ್ನು ತಯಾರಿಸಿ ಮಾರಿತು.

ಪಾದರಸ ಸರಿದು ತೂಕ ವಾಲುವುದು! ಭಾಸ್ಕರಾಚಾರ್ಯರ ಚಕ್ರವನ್ನು ನೆನೆದರೆ ಇದು ಅಚ್ಚರಿ ಹುಟ್ಟಿಸುತ್ತದೆ. ಒಂದು ಮುಖ್ಯ ವ್ಯತ್ಯಾಸವಿದೆ: ಅಲ್ಲಿ ಪಾದರಸವನ್ನು ಸರಿಸಲು ಹೊರಗಿನಿಂದ ಯಾವ ಶಕ್ತಿಯೂ ಇರಲಿಲ್ಲ. ಇಲ್ಲಿ ಕೋಣೆಯ ಬಿಸಿ ಅದನ್ನು ಸರಿಸುತ್ತಿತ್ತು.

1930ರ ಸುಮಾರಿಗೆ ಪ್ಯಾರಿಸ್ಸಿನ ಅಂಗಡಿಯೊಂದರ ಗಾಜಿನಾಚೆ ಈ ಗಡಿಯಾರವನ್ನು ಕಂಡು ಜಾಕ್-ಡೇವಿಡ್ ಲೆಕೂಲ್ಟ್ರ್ ಮರುಳಾದ ಎಂದು ಕಂಪನಿಯ ಇತಿಹಾಸ ಹೇಳುತ್ತದೆ. ಆತನ ಮನೆತನದ್ದು ಸಣ್ಣ ಹೆಸರಲ್ಲ. ಸ್ವಿಟ್ಜರ್ಲೆಂಡಿನ ಜೂ ಕಣಿವೆಯ ಲೆ ಸಾಂಟಿಯೆ ಹಳ್ಳಿಯಲ್ಲಿ 1833ರಲ್ಲಿ ಆಂಟ್ವಾನ್ ಲೆಕೂಲ್ಟ್ರ್ ಸ್ಥಾಪಿಸಿದ ಕಾರ್ಯಾಗಾರ ಅದು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಅಳೆಯುವ ಉಪಕರಣವನ್ನು 1844ರಲ್ಲೇ ಆಂಟ್ವಾನ್ ಮಾಡಿದ್ದ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಪೋಲೋ ಆಡುವಾಗ ಕೈಗಡಿಯಾರದ ಗಾಜು ಒಡೆಯುತ್ತಿದ್ದ ತೊಂದರೆಗೆ ಪರಿಹಾರವಾಗಿ, ಮುಖವನ್ನು ಹಿಂದುಮುಂದಾಗಿ ಮಗುಚಬಹುದಾದ ‘ರಿವರ್ಸೊ’ ಕೈಗಡಿಯಾರ 1931ರಲ್ಲಿ ಹುಟ್ಟಿದ್ದೂ ಈ ಮನೆಯಿಂದಲೇ.

1935ರಲ್ಲಿ ಲೆಕೂಲ್ಟ್ರ್ ಕಂಪನಿ ಅಟ್ಮೋಸ್‌ನ ತಯಾರಿಕೆಯನ್ನು ವಹಿಸಿಕೊಂಡಿತು. ಪಾದರಸವೂ ಅಮೋನಿಯವೂ ಹೋಗಿ ಈಥೈಲ್ ಕ್ಲೋರೈಡ್ ಬಂತು. ಹೊಸ ಗಡಿಯಾರವನ್ನು 1936ರಲ್ಲಿ ಸಾರಿದರೂ ತೊಡಕುಗಳನ್ನು ಬಿಡಿಸಿ ಸಲೀಸಾಗಿ ತಯಾರಿಸಲು 1939 ಬರಬೇಕಾಯಿತು. ಅದಾದ ಮೇಲೆ ಹಿಂದಿರುಗಿ ನೋಡಲಿಲ್ಲ. ಸ್ವಿಸ್ ಸರ್ಕಾರ ವಿದೇಶಿ ಗಣ್ಯರಿಗೆ ಕೊಡುವ ಉಡುಗೊರೆಯಾಗಿ ಅಟ್ಮೋಸ್ ಹೆಸರಾಯಿತು. ಅದನ್ನು ಪಡೆದವರ ಪಟ್ಟಿಯಲ್ಲಿ ವಿನ್‌ಸ್ಟನ್ ಚರ್ಚಿಲ್, ಜಾನ್ ಕೆನಡಿ, ಪೋಪ್ ಎರಡನೆಯ ಜಾನ್ ಪಾಲ್, ಚಾರ್ಲಿ ಚಾಪ್ಲಿನ್ ಮುಂತಾದ ಹೆಸರುಗಳನ್ನು ಹೇಳುತ್ತಾರೆ. ಅಮೆರಿಕದಲ್ಲಿ ದೀರ್ಘಕಾಲ ದುಡಿದು ನಿವೃತ್ತರಾಗುವ ನೌಕರರಿಗೂ ಇದನ್ನು ಕೊಡುವ ರೂಢಿ ಬೆಳೆಯಿತು. ದುಡಿದು ದಣಿದವರಿಗೆ ದಣಿವರಿಯದ ಗಡಿಯಾರ!

ಒಳಗೆ ನಡೆಯುವುದೇನು?

ಈಥೈಲ್ ಕ್ಲೋರೈಡ್ ಹೊಸ ಹೆಸರಲ್ಲ. ಆಟದ ಮೈದಾನದಲ್ಲಿ ಪೆಟ್ಟು ಬಿದ್ದ ಜಾಗಕ್ಕೆ ಸಿಂಪಡಿಸಿ ಮರಗಟ್ಟಿಸುತ್ತಿದ್ದ ತಣ್ಣನೆಯ ಔಷಧಿ ಇದೇ. ನೀರು ಕುದಿಯಲು 100 ಡಿಗ್ರಿ ಬೇಕಾದರೆ ಇದಕ್ಕೆ 12 ಡಿಗ್ರಿ ಸೆಲ್ಸಿಯಸ್ ಸಾಕು. ಹಾಗಾಗಿ ಸಾಮಾನ್ಯ ಕೋಣೆಯ ಬಿಸಿಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಅದು ಅರೆ ದ್ರವ, ಅರೆ ಆವಿಯಾಗಿ ಇರುತ್ತದೆ. ಬಿಸಿ ಸ್ವಲ್ಪ ಏರಿದರೂ ಇನ್ನಷ್ಟು ದ್ರವ ಆವಿಯಾಗಿ ಒತ್ತಡ ಗಮನಾರ್ಹವಾಗಿ ಹೆಚ್ಚುತ್ತದೆ. ಬರೀ ಗಾಳಿ ಹಿಗ್ಗುವುದಕ್ಕಿಂತ ಇದರ ಬಲ ಬಹಳ ಹೆಚ್ಚು. ಬೆವರ್ಲಿಗೆ ಒಂದು ಘನ ಅಡಿ ಪೆಟ್ಟಿಗೆ ಬೇಕಾದದ್ದು, ಅಟ್ಮೋಸ್‌ಗೆ ಅಂಗೈಯಗಲದ ಡಬ್ಬಿ ಸಾಕಾದದ್ದು ಇದೇ ಕಾರಣದಿಂದ.

ಈ ದ್ರವ ಇರುವುದು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಲೋಹದ ತಿದಿಯಲ್ಲಿ. ಕೋಣೆ ಬಿಸಿಯಾದಾಗ ತಿದಿ ಹಿಗ್ಗಿ ಎದುರಿನ ಸುರುಳಿ ಸ್ಪ್ರಿಂಗನ್ನು ಅದುಮುತ್ತದೆ. ತಣಿದಾಗ ಸ್ಪ್ರಿಂಗ್ ತಿದಿಯನ್ನು ಹಿಂದಕ್ಕೆ ತಳ್ಳುತ್ತದೆ. ಈ ಉಸಿರಾಟಕ್ಕೆ ಒಂದು ಸಣ್ಣ ಸರಪಳಿಯನ್ನು ಜೋಡಿಸಿದ್ದಾರೆ. ಸರಪಳಿ ಗಡಿಯಾರದ ಮುಖ್ಯ ಸ್ಪ್ರಿಂಗನ್ನು ಬಿಗಿಯುತ್ತದೆ. 15ರಿಂದ 30 ಡಿಗ್ರಿಯ ನಡುವೆ ಕೇವಲ ಒಂದು ಡಿಗ್ರಿ ಸೆಲ್ಸಿಯಸ್ ಏರಿಳಿತವಾದರೆ ಎರಡು ದಿನ ಓಡುವಷ್ಟು ಶಕ್ತಿ ಸಿಗುತ್ತದೆ ಎನ್ನುವುದು ತಯಾರಕರ ಲೆಕ್ಕ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಇರುವ ಅಂತರ ನಮ್ಮ ಯಾವ ಊರಿನ ಯಾವ ಮನೆಯಲ್ಲೂ ಇದಕ್ಕಿಂತ ಹೆಚ್ಚೇ.

ಆದರೆ ಸಿಗುವ ಶಕ್ತಿ ಅತ್ಯಲ್ಪ. ಆದ್ದರಿಂದ ಅರ್ಧ ಜಾಣತನವಿರುವುದು ಗಳಿಕೆಯಲ್ಲಿ, ಇನ್ನರ್ಧವಿರುವುದು ಮಿತವ್ಯಯದಲ್ಲಿ. ಕೀಲಿ ಕೊಡುವ ಹಳೆಯ ಕೈಗಡಿಯಾರದ ಚಕ್ರ ಸಾಮಾನ್ಯವಾಗಿ ಸೆಕೆಂಡಿಗೆ 5 ಬಾರಿ, ಗಂಟೆಗೆ 18,000 ಬಾರಿ ಬಡಿದುಕೊಳ್ಳುತ್ತದೆ. ಅಟ್ಮೋಸ್‌ನ ತೂಕದ ಬಳೆ ಒಂದು ಬದಿಗೆ ತಿರುಗಲು 30 ಸೆಕೆಂಡ್, ಮರಳಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಗಂಟೆಗೆ ಬರೀ 120 ಬಾರಿ. ಚಲನೆ ಕಡಿಮೆಯಾದಷ್ಟೂ ಸವೆತ ಕಡಿಮೆ, ಖರ್ಚು ಕಡಿಮೆ. ಅದರ ಗಾಲಿಗಳಿಗೆ ಎಣ್ಣೆಯನ್ನೂ ಹಾಕುವುದಿಲ್ಲ. ಎಣ್ಣೆ ಹಳತಾಗಿ ಅಂಟಾದರೆ ಅದನ್ನು ಗೆಲ್ಲುವ ಶಕ್ತಿಯೂ ಗಡಿಯಾರಕ್ಕಿಲ್ಲ.

ಕಂಪನಿ ಕೊಡುವ ಹೋಲಿಕೆ ಪ್ರಸಿದ್ಧವಾದದ್ದು: ಆರು ಕೋಟಿ ಅಟ್ಮೋಸ್ ಗಡಿಯಾರಗಳು ಸೇರಿ ಬಳಸುವ ಶಕ್ತಿ 15 ವ್ಯಾಟಿನ ಒಂದು ಬಲ್ಬಿಗೆ ಸಮ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ರಾಜ್ಯದ ಹಸುಗೂಸಿನಿಂದ ಹಿಡಿದು ಮುದುಕರವರೆಗೆ ತಲೆಗೊಂದು ಗಡಿಯಾರ ಕೊಟ್ಟರೂ ಅವೆಲ್ಲವನ್ನೂ ನಡೆಸಲು ಬಚ್ಚಲುಮನೆಯ ಒಂದು ಮಂದ ದೀಪದಷ್ಟು ಶಕ್ತಿ ಸಾಕು!

ಇಲ್ಲೊಂದು ತಮಾಷೆಯ ತೊಡಕಿದೆ. ಉಷ್ಣಾಂಶದ ಏರಿಳಿತವೇ ಈ ಗಡಿಯಾರದ ಅನ್ನ. ಅದೇ ಏರಿಳಿತ ಗಡಿಯಾರಗಳ ಹಳೆಯ ಶತ್ರುವೂ ಹೌದು. ಬಿಸಿಗೆ ಲೋಹ ಹಿಗ್ಗುತ್ತದೆ, ಅದರ ಬಿಗುವು ಬದಲಾಗುತ್ತದೆ, ಸಮಯ ತಪ್ಪುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ಶಾರ್ಲ್ ಎದುವಾರ್ ಗಿಯೋಮ್. ಅವರೂ ಗಡಿಯಾರದವರ ಮನೆತನದಲ್ಲೇ ಹುಟ್ಟಿದವರು. ನಿಕ್ಕಲ್ ಬೆರೆಸಿದ ಉಕ್ಕಿನಲ್ಲಿ ಅವರು ಎರಡು ಮಿಶ್ರಲೋಹಗಳನ್ನು ಪಡೆದರು. ಬಿಸಿಗೆ ಬಹುತೇಕ ಹಿಗ್ಗದ ‘ಇನ್ವಾರ್’ ಒಂದು, ಬಿಸಿಗೆ ಬಿಗುವು ಬದಲಿಸದ ‘ಎಲಿನ್ವಾರ್’ ಇನ್ನೊಂದು. 1920ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಅಟ್ಮೋಸ್‌ನ ತೂಕದ ಬಳೆ ತೂಗುವುದು ಕೂದಲೆಳೆಯಂಥ ಎಲಿನ್ವಾರ್ ತಂತಿಯಲ್ಲಿ. ಹೀಗೆ ಗಡಿಯಾರದ ಒಂದು ಅಂಗ ಉಷ್ಣಾಂಶಕ್ಕೆ ಥಟ್ಟನೆ ಸ್ಪಂದಿಸಬೇಕು, ಇನ್ನೊಂದು ಅಂಗ ಅದನ್ನು ಗಮನಿಸಲೇಬಾರದು.

ಸಂಗ್ರಾಹಕರ ಪಾಡು

1969ರಲ್ಲಿ ಜಪಾನಿನ ಸೈಕೊ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಕೀಲಿ ಗಡಿಯಾರಗಳ ಲೋಕವೇ ತಲೆಕೆಳಗಾಯಿತು. ಸ್ವಿಟ್ಜರ್ಲೆಂಡಿನಲ್ಲಿ ನೂರಾರು ಕಾರ್ಖಾನೆಗಳು ಮುಚ್ಚಿದವು. ಅದರ ಬಿಸಿ ಇಲ್ಲಿಗೂ ತಟ್ಟಿತು. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿ ದೇಶಕ್ಕೆಲ್ಲ ಕೀಲಿ ಕೊಡುವ ಅಭ್ಯಾಸ ಕಲಿಸಿದ ಎಚ್‌ಎಂಟಿ ಕ್ವಾರ್ಟ್ಸ್ ಗಡಿಯಾರಗಳ ಪೈಪೋಟಿಯಲ್ಲಿ ಹಿಂದೆ ಬಿತ್ತು. 2016ರಲ್ಲಿ ಅದರ ಕೈಗಡಿಯಾರ ಘಟಕವನ್ನು ಮುಚ್ಚುವ ತೀರ್ಮಾನವಾಯಿತು. ಅಟ್ಮೋಸ್ ಮಾತ್ರ ಉಳಿದುಕೊಂಡಿತು. ಸಮಯ ತಿಳಿಯಲು ಅದನ್ನು ಕೊಳ್ಳುವವರು ಮೊದಲೂ ಇರಲಿಲ್ಲವಲ್ಲ! ಮುಂದೆ ಚಂದ್ರನ ಕಲೆಗಳನ್ನು ತೋರಿಸುವ ಮಾದರಿಗಳು ಬಂದವು. ಅವುಗಳ ಲೆಕ್ಕ ಒಂದು ದಿನ ತಪ್ಪಲು 3,821 ವರ್ಷ ಬೇಕಂತೆ. 2008ರಲ್ಲಿ ಆಸ್ಟ್ರೇಲಿಯಾ ಮೂಲದ ವಿನ್ಯಾಸಕಾರ ಮಾರ್ಕ್ ನ್ಯೂಸನ್ ಸ್ಫಟಿಕದಂಥ ಗಾಜಿನ ದಿಮ್ಮಿಯೊಳಗೆ ಯಂತ್ರ ತೇಲುವಂತೆ ಕಾಣುವ ಅಟ್ಮೋಸ್ ರೂಪಿಸಿದರು.

ಆದರೂ ಹಳೆಯ ಗಡಿಯಾರ ಪ್ರಿಯರು ಹೆಚ್ಚಾಗಿ ಹುಡುಕುವುದು 1950ರಿಂದ 70ರ ದಶಕಗಳ ಚಿನ್ನದ ಮುಲಾಮಿನ ಗಾಜಿನ ಪೆಟ್ಟಿಗೆಗಳನ್ನೇ. ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಗಡಿಯಾರದ ಜೀವವಿರುವುದು ತಿದಿಯಲ್ಲಿ. ದಶಕಗಳು ಕಳೆದಂತೆ ಅದರಿಂದ ಆವಿ ಸೋರಬಹುದು. ಸೋರಿದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಉಪವಾಸ ಬೀಳುತ್ತದೆ. ಅನುಭವಿ ಕೈಕಸಬಿನವರು ತಿದಿಯನ್ನು ತಂಪಿಗೂ ಬಿಸಿಗೂ ಒಡ್ಡಿ, ಅದು ಹಿಗ್ಗಿ ಕುಗ್ಗುವುದನ್ನು ಅಳೆದೇ ತೀರ್ಮಾನಿಸುತ್ತಾರೆ. ತೂಕದ ಬಳೆಯನ್ನು ಬಿಗಿಯುವ ಚಿಲಕ ಹಾಕದೆ ಗಡಿಯಾರವನ್ನು ಎತ್ತಿ ಒಯ್ದರೆ ಎಲಿನ್ವಾರ್ ತಂತಿ ತಿರುಚಿ ಕೆಡುತ್ತದೆ. ಕೂರಿಸುವ ಜಾಗ ಸಮತಟ್ಟಾಗಿರಬೇಕು. ಅದಕ್ಕೆಂದೇ ಪೀಠದಲ್ಲಿ ನೀರುಮಟ್ಟದ ಗುಳ್ಳೆಯೂ ತಿರುಪುಗಳೂ ಇವೆ. ಹಿತ್ತಾಳೆ ದೀಪ ಬೆಳಗಿಸಿದಂತೆ ಹುಣಸೆಹಣ್ಣು, ಪಾಲಿಶು ಹಾಕಿ ತಿಕ್ಕಿದರೆ ಚಿನ್ನದ ತೆಳು ಲೇಪನ ಎದ್ದುಹೋಗುತ್ತದೆ. ರೂಟರ್ ಕಾಲದ ಮೊದಲ ಮಾದರಿಗಳಲ್ಲಂತೂ ಪಾದರಸ ಮತ್ತು ಅಮೋನಿಯ ಇರುವುದರಿಂದ ತಿಳಿಯದವರು ಅವನ್ನು ಬಿಚ್ಚುವುದು ಅಪಾಯ.

ಎಲ್ಲಕ್ಕಿಂತ ದೊಡ್ಡ ಕೊರತೆ ಇದನ್ನು ರಿಪೇರಿ ಮಾಡಬಲ್ಲ ಕೈಗಳದು. ನಮ್ಮ ಪೇಟೆಬೀದಿಗಳಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ಗಡಿಯಾರ ರಿಪೇರಿಯವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿರುವಂತೆ ಜಗತ್ತಿನಾದ್ಯಂತ ಆ ವಿದ್ಯೆ ವಿರಳವಾಗುತ್ತಿದೆ. ಮನುಷ್ಯನ ಕೈ ಬೇಡವೆನ್ನುವ ಗಡಿಯಾರವೂ ಕೊನೆಗೆ ಪಳಗಿದ ಕೈಯೊಂದನ್ನೇ ನಂಬಿಕೊಂಡಿದೆ.

ಪುಕ್ಕಟೆ ಶಕ್ತಿಯ ಆಮಿಷ

ಹಾಗಾದರೆ ಅಟ್ಮೋಸ್ ನಿರಂತರ ಚಲನೆಯ ಯಂತ್ರವೇ? ಅಲ್ಲ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು ಎಂಬುದು ಶಕ್ತಿ ಸಂರಕ್ಷಣೆಯ ನಿಯಮ. ಬಿಸಿಯಿಂದ ಕೆಲಸ ತೆಗೆಯಬೇಕಾದರೆ ಬಿಸಿ ಮತ್ತು ತಂಪುಗಳ ನಡುವೆ ಅಂತರವಿರಲೇಬೇಕು ಎಂಬುದು ಇನ್ನೊಂದು ನಿಯಮ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪಷ್ಟವಾದ ಈ ಎರಡೂ ನಿಯಮಗಳಿಗೆ ಅಟ್ಮೋಸ್ ತಲೆಬಾಗುತ್ತದೆ. ಉಷ್ಣಾಂಶ ಸದಾ ಒಂದೇ ಆಗಿರುವ ಕೋಣೆಯಲ್ಲಿಟ್ಟರೆ ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿ ಮುಗಿದ ಮೇಲೆ ಅದು ನಿಲ್ಲುತ್ತದೆ, ಬೆವರ್ಲಿ ಗಡಿಯಾರ ನಿಂತ ಹಾಗೆಯೇ. ಅದು ಏನೂ ಇಲ್ಲದೆ ನಡೆಯುತ್ತಿಲ್ಲ. ಹಗಲು ಕಾಯಿಸುವ ಸೂರ್ಯ, ಹಗಲನ್ನೂ ಇರುಳನ್ನೂ ತಂದುಕೊಡುವ ಭೂಮಿಯ ತಿರುಗಾಟ ಅದಕ್ಕೆ ಕೀಲಿ ಕೊಡುತ್ತಿವೆ. ಕೀಲಿ ಕೊಡುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಈ ಭೇದವನ್ನು ತಿಳಿಯುವುದು ಬರೀ ಪಾಠದ ಮಾತಲ್ಲ. ಕಣ್ಣಿಗೆ ಬೀಳದ ಶಕ್ತಿಯ ಹೆಸರಿನಲ್ಲಿ ಜನ ಮೋಸಹೋದದ್ದಕ್ಕೆ ಲೆಕ್ಕವಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಕೀಲಿ ಎಂಬಾತ ಹೊಸ ಶಕ್ತಿಯನ್ನು ಕಂಡುಹಿಡಿದೆನೆಂದು 1870ರ ದಶಕದಿಂದ ಷೇರು ಮಾರಿ ಬದುಕಿದ. 1898ರಲ್ಲಿ ಅವನು ಸತ್ತ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಅದುಮಿದ ಗಾಳಿಯ ದೊಡ್ಡ ಉಕ್ಕಿನ ಗುಂಡು ಸಿಕ್ಕಿತು. ಅಷ್ಟು ದೂರ ಹೋಗಬೇಕಿಲ್ಲ. 1996ರಲ್ಲಿ ತಮಿಳುನಾಡಿನ ವ್ಯಕ್ತಿಯೊಬ್ಬರು ಗಿಡಮೂಲಿಕೆಯಿಂದ ಪೆಟ್ರೋಲ್ ತಯಾರಿಸುವುದಾಗಿ ಹೇಳಿದಾಗ ದೇಶದ ದೊಡ್ಡ ದೊಡ್ಡವರೂ ಬೆರಗಾಗಿದ್ದರು. ಇಪ್ಪತ್ತು ವರ್ಷದ ಮೇಲೆ, 2016ರಲ್ಲಿ, ವಂಚನೆಗಾಗಿ ಚೆನ್ನೈನ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. ಇಂಥ ಪ್ರತಿ ಪ್ರಕರಣದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಶಕ್ತಿ ಎಲ್ಲಿಂದ ಬರುತ್ತಿದೆ? ಮೋಸಗಾರ ಈ ಪ್ರಶ್ನೆಗೆ ಪರದೆ ಎಳೆಯುತ್ತಾನೆ. ಅಟ್ಮೋಸ್ ತನ್ನ ಸುತ್ತ ಗಾಜಿನ ಗೋಡೆ ಕಟ್ಟಿಕೊಂಡು, ಬೇಕಾದವರು ನೋಡಿ ಎನ್ನುತ್ತದೆ.

ಇಂದು ಎಂಜಿನಿಯರುಗಳು ಸುತ್ತಲಿನ ಬಿಸಿ, ಬೆಳಕು, ಕಂಪನಗಳಿಂದ ಚೂರು ಚೂರು ಶಕ್ತಿ ಹೆಕ್ಕಿ ಸಣ್ಣ ಉಪಕರಣಗಳನ್ನು ನಡೆಸುವ ಪ್ರಯತ್ನದಲ್ಲಿದ್ದಾರೆ. ಎಲ್ಲೋ ಕಾಡಿನಲ್ಲೋ ಸೇತುವೆಯ ಕೆಳಗೋ ಇಟ್ಟ ಉಪಕರಣದ ಸೆಲ್ಲು ಬದಲಿಸಲು ಯಾರೂ ಹೋಗುವ ಹಾಗಿರಬಾರದು ಎಂಬುದು ಅವರ ಗುರಿ. ಅವರು ಹಿಡಿದಿರುವುದು ಡ್ರೆಬೆಲ್, ಕಾಕ್ಸ್, ಬೆವರ್ಲಿ, ರೂಟರ್ ನಡೆದ ದಾರಿಯನ್ನೇ. ಆ ದಾರಿಯ ಪಾಠ ಎರಡೇ ಮಾತಿನದು. ಸಿಗುವಷ್ಟನ್ನು ಪೋಲಾಗದಂತೆ ಹಿಡಿ, ಹಿಡಿದದ್ದರಲ್ಲೇ ಬದುಕಲು ಕಲಿ. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ನಮ್ಮ ಹಳೆಯ ಗಾದೆಗೆ ಸ್ವಿಟ್ಜರ್ಲೆಂಡಿನ ಆ ಕಣಿವೆಯವರು ಮುಳ್ಳುಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಿದ್ದಾರೆ.